ಥಿಯೊಡೋರ್ ಬೊವೆರಿ: ರಕ್ತ ಕ್ಯಾನ್ಸರಿನ ಪಾಠಕ್ಕೆ ನೆರವಾಗುವ ಒಂದು ಬದುಕು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲಿ ಥಿಯೊಡೋರ್ ಬೊವೆರಿ ಎಂಬ ಹೆಸರು ಕೆಲವೇ ಸಾಲುಗಳಲ್ಲಿ ಬಂದು ಹೋಗುತ್ತದೆ, ಅದೂ ಸಟ್ಟನ್ ಎಂಬ ಇನ್ನೊಂದು ಹೆಸರಿನ ಜೊತೆಗೆ. ಅನುವಂಶೀಯತೆಯ ವರ್ಣತಂತು ಸಿದ್ಧಾಂತವನ್ನು ಮಂಡಿಸಿದವರು ಯಾರು ಎಂಬ ಒಂದಂಕದ ಪ್ರಶ್ನೆಗಾಗಿ ಮಕ್ಕಳು ಎರಡೂ ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ನಮ್ಮ ಬಿ.ಎಡ್. ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರಿಗೂ ಅಷ್ಟೇ ನೆನಪಿರುತ್ತದೆ. ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ನಾನು ಕೆಲವು ವರ್ಷಗಳಿಂದ ಈ ವಿಜ್ಞಾನಿಯ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾ ಬಂದಿದ್ದೇನೆ. ರಕ್ತ ಕ್ಯಾನ್ಸರ್ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆ ಶಾಲೆಯಲ್ಲಿ ಎದ್ದಾಗ ಅದಕ್ಕೆ ಉತ್ತರ ಕಟ್ಟಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೂ ಅವರ ಪಾಠ ಅವಲೋಕಿಸುವ ಸಹೋದ್ಯೋಗಿಗಳಿಗೂ ಉಪಯೋಗವಾಗಲಿ ಎಂದು ಆ ಜೀವನವನ್ನೂ, ಅದನ್ನು ತರಗತಿಯಲ್ಲಿ ಬಳಸುವ ಬಗೆಯನ್ನೂ ಇಲ್ಲಿ ಬರೆದಿದ್ದೇನೆ.

ಬಾಲ್ಯ ಮತ್ತು ಓದು

ಬೊವೆರಿಯವರು ಹುಟ್ಟಿದ್ದು 1862ರ ಅಕ್ಟೋಬರ್ 12ರಂದು, ಜರ್ಮನಿಯ ಬವೇರಿಯಾ ಪ್ರಾಂತ್ಯದ ಬಾಂಬರ್ಗ್ ಪಟ್ಟಣದಲ್ಲಿ. ತಂದೆ ವೈದ್ಯರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ತಮ್ಮಂದಿರಲ್ಲಿ ಒಬ್ಬರಾದ ವಾಲ್ಟರ್ ಎಂಜಿನಿಯರ್ ಆಗಿ, 1891ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪಾಲುದಾರರೊಬ್ಬರ ಜೊತೆ ಬ್ರೌನ್ ಬೊವೆರಿ ಎಂಬ ವಿದ್ಯುತ್ ಯಂತ್ರಗಳ ಕಂಪನಿಯನ್ನು ಕಟ್ಟಿದರು. ಬೆಂಗಳೂರಿನ ಪೀಣ್ಯದ ಕಡೆ ಓಡಾಡಿದವರು ಎಬಿಬಿ ಎಂಬ ಫಲಕವನ್ನು ನೋಡಿರುತ್ತಾರೆ. ಆ ಹೆಸರಿನ ಕೊನೆಯ ಬಿ ಅಕ್ಷರ ಈ ಬೊವೆರಿ ಮನೆತನದ್ದು. ಈ ಸಣ್ಣ ಸಂಗತಿಯಿಂದ ಪಾಠ ಶುರು ಮಾಡಿದರೆ ಹಿಂದಿನ ಬೆಂಚಿನ ಮಕ್ಕಳೂ ತಲೆ ಎತ್ತುತ್ತಾರೆ. ಪೀಠಿಕೆಗೆ ಅಷ್ಟು ಸಾಕು.

ಥಿಯೊಡೋರ್ ಮೊದಲು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ತತ್ವಶಾಸ್ತ್ರ ಓದಲು ಸೇರಿದರು. ಬೇಗನೆ ಅಂಗರಚನಾಶಾಸ್ತ್ರದ ಕಡೆಗೆ ತಿರುಗಿ, ನರತಂತುಗಳ ಮೇಲೆ ಸಂಶೋಧನೆ ಮಾಡಿ 1885ರಲ್ಲಿ ಡಾಕ್ಟರೇಟ್ ಪಡೆದರು. ಪಿಯಾನೊ ನುಡಿಸುವುದು, ಚಿತ್ರ ಬರೆಯುವುದು ಎರಡೂ ಅವರಿಗೆ ಚೆನ್ನಾಗಿ ಬರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕೈಯಿಂದಲೇ ಬಿಡಿಸಬೇಕಾಗಿದ್ದ ಆ ಕಾಲದಲ್ಲಿ ಚಿತ್ರಕಲೆ ವಿಜ್ಞಾನಿಗೆ ದೊಡ್ಡ ಆಸ್ತಿ. ಡಾಕ್ಟರೇಟಿನ ನಂತರ ಸಿಕ್ಕ ಒಂದು ವಿದ್ಯಾರ್ಥಿವೇತನದ ಬಲದಿಂದ ಅವರು ಕೆಲವು ವರ್ಷ ಸಂಬಳದ ಚಿಂತೆ ಇಲ್ಲದೆ ಮ್ಯೂನಿಕ್‌ನ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಜೀವಕೋಶ ಎರಡಾಗುವ ಹೊತ್ತಿನಲ್ಲಿ ಅದರೊಳಗೆ ಏನಾಗುತ್ತದೆ ಎಂಬುದೇ ಅವರ ಜೀವಮಾನದ ಪ್ರಶ್ನೆಯಾಯಿತು.

ಕುದುರೆಯ ಜಂತುಹುಳು ಕಲಿಸಿದ್ದು

ಜೀವಕೋಶ ವಿಭಜನೆಯಾಗುವಾಗ ಕೋಶಕೇಂದ್ರದಲ್ಲಿ ಬಣ್ಣ ಹೀರುವ ದಾರದಂಥ ರಚನೆಗಳು ಕಾಣಿಸಿಕೊಂಡು, ವಿಭಜನೆ ಮುಗಿದ ಮೇಲೆ ಮಾಯವಾಗುತ್ತವೆ. ಇವೇ ವರ್ಣತಂತುಗಳು. 1880ರ ದಶಕದ ವಿಜ್ಞಾನಿಗಳಿಗೆ ಇವು ಕಂಡಿದ್ದವು, ಆದರೆ ಅರ್ಥವಾಗಿರಲಿಲ್ಲ. ಪ್ರತಿಸಲ ಹೊಸದಾಗಿ ಹುಟ್ಟಿ ಕರಗುತ್ತವೆಯೋ, ಅಥವಾ ಕಾಣದಿದ್ದಾಗಲೂ ತಮ್ಮ ಗುರುತು ಉಳಿಸಿಕೊಂಡೇ ಇರುತ್ತವೆಯೋ?

ಇದನ್ನು ಬಿಡಿಸಲು ಬೊವೆರಿಯವರು ಆರಿಸಿಕೊಂಡದ್ದು ಕುದುರೆಯ ಕರುಳಿನಲ್ಲಿ ಬದುಕುವ ಒಂದು ದುಂಡು ಜಂತುಹುಳುವನ್ನು. ಬೆಲ್ಜಿಯಂನ ವಾನ್ ಬೆನೆಡೆನ್ ಅದನ್ನು ಆಗಲೇ ಬಳಸಿದ್ದರು. ಆ ಹುಳುವಿನ ಅನುಕೂಲವೆಂದರೆ ಅದರ ಜೀವಕೋಶದಲ್ಲಿ ಎರಡೋ ನಾಲ್ಕೋ ವರ್ಣತಂತುಗಳು ಮಾತ್ರ, ಅವೂ ದಪ್ಪವಾಗಿ ಎದ್ದು ಕಾಣುತ್ತವೆ. ಮನುಷ್ಯನ ಕೋಶದ 46 ತಂತುಗಳ ಗೋಜಲಿಗೆ ಹೋಲಿಸಿದರೆ ಇದು ಬಿಡಿಸಿಟ್ಟ ದಾರ. ವಿಭಜನೆ ಮುಗಿದು ಹೊಸ ಕೋಶಕೇಂದ್ರ ಕಟ್ಟಿಕೊಳ್ಳುವಾಗ ವರ್ಣತಂತುಗಳ ತುದಿಗಳು ಬೆರಳಿನಂತೆ ಹೊರಚಾಚುವುದನ್ನು ಅವರು ಗಮನಿಸಿದರು. ಮುಂದಿನ ವಿಭಜನೆಯಲ್ಲಿ ತಂತುಗಳು ಮತ್ತೆ ಕಾಣಿಸಿಕೊಂಡಾಗ ಅವುಗಳ ತುದಿಗಳು ಅದೇ ಬೆರಳುಗಳ ಜಾಗದಲ್ಲಿರುತ್ತಿದ್ದವು. ಹಾಗಾದರೆ ತಂತುಗಳು ಕರಗಿ ಹೋಗಿರಲಿಲ್ಲ. ಕಣ್ಣಿಗೆ ಕಾಣದಿದ್ದರೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಒಂದೊಂದು ವರ್ಣತಂತುವೂ ತನ್ನ ಅಸ್ತಿತ್ವವನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ಹೀಗೆ ಗಟ್ಟಿಯಾಯಿತು. ವಿಭಜನೆಯ ವೇಳೆ ಕೋಶದ ಎರಡು ತುದಿಗಳಲ್ಲಿ ನಿಂತು ವರ್ಣತಂತುಗಳ ಹಂಚಿಕೆಯನ್ನು ನಡೆಸುವ ರಚನೆಗೆ ಸೆಂಟ್ರೋಸೋಮ್ ಎಂದು 1888ರಲ್ಲಿ ಹೆಸರಿಟ್ಟವರೂ ಅವರೇ.

1893ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಅವರು ವೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಸಾಯುವವರೆಗೂ ಅಲ್ಲೇ ಇದ್ದರು. ಎಕ್ಸ್-ಕಿರಣಗಳನ್ನು ಕಂಡುಹಿಡಿದ ರಾಂಟ್ಜನ್ ಅದೇ ಊರಿನಲ್ಲಿ ಅವರ ಸ್ನೇಹಿತರು. ಮುಂದೆ ನೊಬೆಲ್ ಪಡೆದ ಹಾನ್ಸ್ ಸ್ಪೆಮನ್ ಅವರ ಶಿಷ್ಯರು. 1896ರಲ್ಲಿ ಮಾರ್ಸೆಲ್ಲಾ ಓ'ಗ್ರೇಡಿ ಎಂಬ ಅಮೆರಿಕದ ಜೀವವಿಜ್ಞಾನಿ ಅವರ ಪ್ರಯೋಗಾಲಯಕ್ಕೆ ಕೆಲಸ ಮಾಡಲು ಬಂದರು. ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಇನ್ನೂ ಪೂರ್ತಿ ತೆರೆದಿರದ ಕಾಲವದು. ಮರುವರ್ಷ ಇಬ್ಬರೂ ಮದುವೆಯಾದರು. ಮುಂದಿನ ಪ್ರಯೋಗಗಳಲ್ಲಿ ಮಾರ್ಸೆಲ್ಲಾ ಅವರು ಪತಿಯ ಪಕ್ಕದಲ್ಲೇ ಕೂತು ದುಡಿದರು.

ಒಂದು ಅಂಡಾಣು, ಎರಡು ವೀರ್ಯಾಣು

ಇಟಲಿಯ ನೇಪಲ್ಸ್‌ನಲ್ಲಿ ಕಡಲಿನ ಪಕ್ಕದಲ್ಲೇ ಒಂದು ಪ್ರಾಣಿಶಾಸ್ತ್ರ ಕೇಂದ್ರವಿದೆ. ಅಲ್ಲಿ ಬೊವೆರಿ ದಂಪತಿ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಕಡಲ ಪ್ರಾಣಿಯ ಅಂಡಾಣುಗಳ ಮೇಲೆ ಪ್ರಯೋಗ ನಡೆಸಿದರು. 1902ರಲ್ಲಿ ಪ್ರಕಟವಾದ ಆ ಕೆಲಸವೇ ನಮ್ಮ ಪಾಠದ ಬೆನ್ನೆಲುಬು. ಇದನ್ನು ಪ್ರಶಿಕ್ಷಣಾರ್ಥಿಗಳು ನಿಧಾನವಾಗಿ ಓದಬೇಕು.

ಆ ಸೀ ಅರ್ಚಿನ್‌ನ ಅಂಡಾಣುವಿನಲ್ಲಿ 18 ವರ್ಣತಂತುಗಳು, ವೀರ್ಯಾಣುವಿನಲ್ಲಿ 18. ಸಾಮಾನ್ಯ ನಿಷೇಚನದಲ್ಲಿ ಒಟ್ಟು 36. ಪ್ರತಿ ತಂತುವೂ ನೆನೆಸಿದ ಕಾಳು ಎರಡು ಬೇಳೆಯಾಗುವಂತೆ ಸೀಳಿ, ಒಂದೊಂದು ಬೇಳೆ ಒಂದೊಂದು ಮರಿಕೋಶಕ್ಕೆ ಹೋಗುತ್ತದೆ. ಎರಡೂ ಮರಿಕೋಶಗಳಿಗೆ 36ರ ಪೂರ್ತಿ ಜೊತೆ ಸಿಗುತ್ತದೆ.

ನೀರಿನಲ್ಲಿ ವೀರ್ಯಾಣುಗಳು ತೀರಾ ಹೆಚ್ಚಿದ್ದರೆ ಕೆಲವು ಅಂಡಾಣುಗಳಿಗೆ ಎರಡು ವೀರ್ಯಾಣುಗಳು ಹೊಕ್ಕುಬಿಡುತ್ತವೆ. ಆಗ ವರ್ಣತಂತುಗಳು 54. ಪ್ರತಿ ವೀರ್ಯಾಣುವೂ ತನ್ನ ಸೆಂಟ್ರೋಸೋಮನ್ನು ತರುತ್ತದೆ, ಅದು ಎರಡಾಗುತ್ತದೆ, ಹೀಗಾಗಿ ಕೋಶಕ್ಕೆ ಎರಡರ ಬದಲು ನಾಲ್ಕು ಧ್ರುವಗಳು. 54 ತಂತುಗಳು ಸೀಳಿ 108 ಆಗುತ್ತವೆ. ಅವು ನಾಲ್ಕು ದಿಕ್ಕಿಗೆ ಎಳೆಯಲ್ಪಟ್ಟು, ಒಮ್ಮೆಗೇ ನಾಲ್ಕು ಮರಿಕೋಶಗಳು ಹುಟ್ಟುತ್ತವೆ. ಸರಾಸರಿ ಲೆಕ್ಕದಲ್ಲಿ ಒಂದಕ್ಕೆ 27 ಬಂದರೂ, ಯಾವ ಕೋಶಕ್ಕೆ ಯಾವ ತಂತು ಎಂಬುದು ಚೀಟಿ ಎತ್ತಿದ ಹಾಗೆ. ಒಂದಕ್ಕೆ ಒಂದು ಬಗೆಯ ತಂತು ಮೂರು ಸಿಗಬಹುದು, ಇನ್ನೊಂದಕ್ಕೆ ಅದು ಸಿಗದೇ ಹೋಗಬಹುದು.

ಇಂಥ ಭ್ರೂಣಗಳಲ್ಲಿ ಸರಿಯಾಗಿ ಬೆಳೆದವು ಇಲ್ಲವೆನ್ನುವಷ್ಟು ಕಡಿಮೆ. ಬೊವೆರಿಯವರು ಅಲ್ಲಿಗೇ ನಿಲ್ಲಲಿಲ್ಲ. ಕ್ಯಾಲ್ಸಿಯಂ ಇಲ್ಲದ ಕಡಲ ನೀರಿನಲ್ಲಿಟ್ಟರೆ ಭ್ರೂಣದ ಕೋಶಗಳು ಒಂದನ್ನೊಂದು ಬಿಟ್ಟು ಬೇರೆಯಾಗುತ್ತವೆ. ಹಾಗೆ ನಾಲ್ಕು ಕೋಶಗಳನ್ನೂ ಬಿಡಿಸಿ ಪ್ರತ್ಯೇಕವಾಗಿ ಬೆಳೆಸಿದಾಗ ನಾಲ್ಕೂ ನಾಲ್ಕು ಬಗೆಯಾಗಿ ವರ್ತಿಸಿದವು. ಒಂದು ಸ್ವಲ್ಪ ದೂರ ಬೆಳೆದರೆ ಇನ್ನೊಂದು ಬೇಗ ಸತ್ತಿತು, ಮತ್ತೊಂದು ವಿಕಾರವಾಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಷೇಚನವಾದ ಕೂಡಲೇ ಅಂಡಾಣುಗಳನ್ನು ಅಲುಗಾಡಿಸಿ, ಒಂದು ಸೆಂಟ್ರೋಸೋಮ್ ಎರಡಾಗದಂತೆ ತಡೆದು ನಾಲ್ಕರ ಬದಲು ಮೂರು ಧ್ರುವಗಳಾಗುವಂತೆ ಮಾಡಿದರು. ಆಗ 108 ತಂತುಗಳು ಮೂರು ಕೋಶಗಳಿಗೆ, ಸರಾಸರಿ 36ರಂತೆ. ಇವುಗಳಲ್ಲಿ ಚೆನ್ನಾಗಿ ಬೆಳೆದವುಗಳ ಪಾಲು ಗಮನಾರ್ಹವಾಗಿ ಹೆಚ್ಚಿತು.

ಬರೀ ಸಂಖ್ಯೆ ಕಡಿಮೆಯಾದದ್ದೇ ತೊಂದರೆಯೇ? ಅಲ್ಲ. 18ರ ಒಂದೇ ಪೂರ್ಣ ಗುಂಪಿದ್ದರೂ ಸೀ ಅರ್ಚಿನ್ ಭ್ರೂಣ ಲಾರ್ವಾ ಆಗಿ ಬೆಳೆಯಬಲ್ಲದು ಎಂಬುದು ಗೊತ್ತಿತ್ತು. ಹಾಗಾಗಿ ಎಷ್ಟು ಎಂಬುದಕ್ಕಿಂತ ಯಾವುವು ಎಂಬುದು ಮುಖ್ಯ. ವರ್ಣತಂತುಗಳೆಲ್ಲ ಒಂದೇ ಬಗೆಯವಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಕೆಲಸವಿದೆ, ಎಲ್ಲ ಬಗೆಗಳೂ ಇದ್ದರೆ ಮಾತ್ರ ಜೀವಿ ಸರಿಯಾಗಿ ರೂಪುಗೊಳ್ಳುತ್ತದೆ. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಸಟ್ಟನ್ ಮಿಡತೆಯ ಕೋಶಗಳನ್ನು ನೋಡಿ, ಮೆಂಡೆಲ್ ಹೇಳಿದ ಅಂಶಗಳು ವರ್ಣತಂತುಗಳ ಮೇಲಿವೆ ಎಂಬ ನಿಲುವಿಗೆ ಬಂದಿದ್ದರು. ಪಠ್ಯದಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಬರುವುದು ಈ ಕಾರಣಕ್ಕೆ.

ಅರ್ಚಿನ್‌ನಿಂದ ಕ್ಯಾನ್ಸರಿಗೆ

ಬರ್ಲಿನ್ನಿನ ರೋಗಶಾಸ್ತ್ರಜ್ಞ ಹಾನ್ಸೆಮನ್ 1890ರಲ್ಲೇ ಕ್ಯಾನ್ಸರ್ ಗಡ್ಡೆಗಳ ಕೋಶಗಳಲ್ಲಿ ಅಸಮವಾದ ವಿಭಜನೆಗಳನ್ನು ನೋಡಿ ಬರೆದಿದ್ದರು. ಬೊವೆರಿಯವರ ಮನಸ್ಸಿನಲ್ಲಿ ಅದೂ ತಮ್ಮ ಅರ್ಚಿನ್ ಭ್ರೂಣಗಳೂ ಒಂದಕ್ಕೊಂದು ತಾಳೆಯಾದವು. ವರ್ಣತಂತುಗಳ ತಪ್ಪು ಹಂಚಿಕೆಯಿಂದ ಹೆಚ್ಚಿನ ಕೋಶಗಳು ಸಾಯುತ್ತವೆ ನಿಜ. ಆದರೆ ಸಾಯದೆ, ಎಲ್ಲಿ ನಿಲ್ಲಬೇಕು ಎಂಬ ಅಂಕೆಯನ್ನು ಮಾತ್ರ ಕಳೆದುಕೊಂಡ ಒಂದು ಕೋಶ ಹುಟ್ಟಿದರೆ? 1902ರ ಬರಹದಲ್ಲೇ ಇದರ ಸುಳಿವು ಕೊಟ್ಟಿದ್ದ ಅವರು, 1914ರಲ್ಲಿ ಮಾರಕ ಗಡ್ಡೆಗಳ ಹುಟ್ಟಿನ ಬಗ್ಗೆ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು.

ಅದರ ಮುಖ್ಯ ವಿಚಾರಗಳನ್ನು ನಾನು ಕಪ್ಪುಹಲಗೆಯ ಮೇಲೆ ಹೀಗೆ ಬರೆಸುತ್ತೇನೆ. ಗಡ್ಡೆ ಒಂದೇ ಒಂದು ಕೋಶದಿಂದ ಶುರುವಾಗುತ್ತದೆ. ಆ ಕೋಶದ ವರ್ಣತಂತುಗಳಲ್ಲಿ ಆದ ತಪ್ಪು ಅದರ ಎಲ್ಲ ಮರಿಕೋಶಗಳಿಗೂ ಹೋಗುತ್ತದೆ. ವಿಭಜನೆಯನ್ನು ತಡೆಹಿಡಿಯುವ ಅಂಶಗಳು ವರ್ಣತಂತುಗಳಲ್ಲಿವೆ, ಅವು ಕಳೆದುಹೋದರೆ ಕೋಶ ಅಂಕೆ ತಪ್ಪುತ್ತದೆ. ವಿಭಜನೆಯನ್ನು ಮುನ್ನೂಕುವ ಅಂಶಗಳೂ ಇವೆ, ಅವು ಅತಿಯಾದರೂ ಅದೇ ಫಲ. ಹೊರಗಿನ ಹಲವು ಕಾರಣಗಳು ಈ ತಪ್ಪಿಗೆ ದಾರಿ ಮಾಡಬಹುದು. ಇಂದು ಗಡ್ಡೆ ತಡೆಯುವ ಜೀನ್, ಆಂಕೋಜೀನ್ ಎಂದು ಪಠ್ಯಗಳಲ್ಲಿ ಓದುವ ಎರಡು ಬಗೆಗಳ ನೆರಳು ಅಲ್ಲಿ ಆಗಲೇ ಕಾಣುತ್ತದೆ. ಡಿಎನ್ಎಯ ರಚನೆ ಗೊತ್ತಾಗುವುದಕ್ಕೆ ಇನ್ನೂ ಸುಮಾರು 40 ವರ್ಷ ಬಾಕಿ ಇತ್ತು.

ಅವರು ಸ್ವತಃ ಕ್ಯಾನ್ಸರ್ ಗಡ್ಡೆಗಳ ಮೇಲೆ ಕೆಲಸ ಮಾಡಿದವರಲ್ಲ. ಅದನ್ನು ಪುಸ್ತಕದಲ್ಲಿ ಮುಚ್ಚಿಡಲೂ ಇಲ್ಲ. ಕಂಡದ್ದು ಅರ್ಚಿನ್‌ನಲ್ಲಿ, ಕ್ಯಾನ್ಸರಿನ ಮಾತು ಅದರಿಂದ ಕಟ್ಟಿದ ತರ್ಕ, ಪರೀಕ್ಷೆ ಆಗಬೇಕಾದದ್ದು ಮುಂದೆ ಎಂಬ ಗೆರೆಯನ್ನು ಅವರು ಅಳಿಸಲಿಲ್ಲ. ಆ ಕಾಲದ ವೈದ್ಯ ವಿಜ್ಞಾನಿಗಳಲ್ಲಿ ಹೆಚ್ಚಿನವರು ಈ ವಿಚಾರವನ್ನು ಅನುಮಾನದಿಂದಲೇ ನೋಡಿದರು.

ಕೊನೆಯ ವರ್ಷಗಳು

ಬೊವೆರಿಯವರ ಆರೋಗ್ಯ ಯೌವನದಿಂದಲೇ ಸರಿಯಿರಲಿಲ್ಲ. 1890ರ ಸುಮಾರಿಗೆ ನರದೌರ್ಬಲ್ಯ ಎಂದು ಆಗ ಕರೆಯುತ್ತಿದ್ದ ದಣಿವು ಮತ್ತು ಮಂಕು ಅವರನ್ನು ತಿಂಗಳುಗಟ್ಟಲೆ ಕೆಲಸದಿಂದ ದೂರವಿಟ್ಟಿತ್ತು. ಮುಂದೆಯೂ ಕಾಯಿಲೆ ಮರುಕಳಿಸುತ್ತಲೇ ಇತ್ತು. ಬರ್ಲಿನ್ನಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಕೈಸರ್ ವಿಲ್‌ಹೆಲ್ಮ್ ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ ತಾನಾಗಿ ಬಂದಾಗ, ಅದರ ಯೋಜನೆಗೆ ನೆರವಾದ ಮೇಲೂ, 1913ರಲ್ಲಿ ಅನಾರೋಗ್ಯದ ಕಾರಣ ಅದನ್ನು ಬಿಟ್ಟುಕೊಟ್ಟರು. ಕ್ಯಾನ್ಸರ್ ಪುಸ್ತಕ ಬರೆದದ್ದು ಇಂಥ ದಿನಗಳಲ್ಲಿ. ಮೊದಲ ಮಹಾಯುದ್ಧದ ನಡುವೆ, 1915ರ ಅಕ್ಟೋಬರ್ 15ರಂದು, 53 ತುಂಬಿದ ಮೂರನೆಯ ದಿನ, ವೂರ್ತ್ಸ್‌ಬುರ್ಗ್‌ನಲ್ಲಿ ತೀರಿಕೊಂಡರು.

ಮಾರ್ಸೆಲ್ಲಾ ಅವರು ಕೆಲವು ವರ್ಷಗಳ ನಂತರ ಅಮೆರಿಕಕ್ಕೆ ಮರಳಿ ನ್ಯೂ ಹೇವನ್‌ನ ಒಂದು ಮಹಿಳಾ ಕಾಲೇಜಿನಲ್ಲಿ ವಿಜ್ಞಾನ ಕಲಿಸಿದರು. ಪತಿಯ ಪುಸ್ತಕವನ್ನು ಇಂಗ್ಲಿಷಿಗೆ ತಂದು 1929ರಲ್ಲಿ ಪ್ರಕಟಿಸಿದವರು ಅವರೇ. ಬೊವೆರಿಯವರ ವಿಚಾರ ಇಂಗ್ಲಿಷ್ ಓದುಗರಿಗೆ ತಲುಪಿದ್ದರಲ್ಲಿ ಈ ಅನುವಾದದ ಪಾಲು ದೊಡ್ಡದು.

ಪರೀಕ್ಷೆ ನಡೆದದ್ದು ರಕ್ತದಲ್ಲಿ

ಬೊವೆರಿಯವರ ತರ್ಕಕ್ಕೆ ಮೊದಲ ಗಟ್ಟಿ ಸಾಕ್ಷಿ ದೊರೆತದ್ದು ರಕ್ತ ಕ್ಯಾನ್ಸರಿನಲ್ಲಿ, ಅವರು ಹೋಗಿ 45 ವರ್ಷಗಳಾದ ಮೇಲೆ. ಏಕೆ ರಕ್ತದಲ್ಲಿ ಎಂಬುದನ್ನು ಮಕ್ಕಳೇ ಊಹಿಸುವಂತೆ ಪ್ರಶ್ನೆ ಕೇಳಬಹುದು. ಹೊಟ್ಟೆಯ ಗಡ್ಡೆಯಿಂದ ಒಂದೊಂದೇ ಕೋಶ ಬಿಡಿಸಿ ತೆಗೆಯುವುದು ಕಷ್ಟ. ರಕ್ತವನ್ನೂ ಮೂಳೆಮಜ್ಜೆಯನ್ನೂ ಸೂಜಿಯಿಂದ ತೆಗೆಯಬಹುದು, ಕೋಶಗಳು ಬಿಡಿಬಿಡಿಯಾಗಿಯೇ ಇರುತ್ತವೆ.

ಮನುಷ್ಯನ ವರ್ಣತಂತುಗಳು 48 ಎಂದೇ ಬಹುಕಾಲ ನಂಬಲಾಗಿತ್ತು. ಅವು 46 ಎಂದು ಟಿಜಿಯೊ ಮತ್ತು ಲೆವಾನ್ ಸ್ವೀಡನ್‌ನಿಂದ ತಿಳಿಸಿದ್ದು 1956ರಲ್ಲಿ. ನಾಲ್ಕೇ ವರ್ಷಕ್ಕೆ, 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತುವನ್ನು ಕಂಡರು. ನಿಧಾನಗತಿಯಲ್ಲಿ ಬೆಳೆಯುವ ಆ ರೋಗಕ್ಕೆ ವೈದ್ಯರು ಸಿಎಂಎಲ್ ಎನ್ನುತ್ತಾರೆ. ಆ ತಂತುವಿಗೆ ಊರಿನ ಹೆಸರಿನಿಂದಲೇ ಫಿಲಡೆಲ್ಫಿಯಾ ವರ್ಣತಂತು ಎಂಬ ಹೆಸರು ನಿಂತಿತು. ರಾಜ್ಮಾ ಕಾಳಿನಿಂದ ತೆಗೆದ ಒಂದು ಸಾರ ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ವಿಭಜನೆಗೆ ಹಚ್ಚುತ್ತದೆ ಎಂದು ಕಂಡುಕೊಂಡವರೂ ನೊವೆಲ್ ಅವರೇ. ಅಡುಗೆಮನೆಯ ಕಾಳಿಗೆ ಈ ಗುಣವಿದೆ ಎಂದಾಗ ಮಕ್ಕಳು ಬೆರಗಾಗುತ್ತಾರೆ.

ಚಿಕ್ಕ ತಂತುವಿನ ಕಳೆದುಹೋದ ತುಂಡು ಎಲ್ಲಿ ಹೋಯಿತು? ಉತ್ತರ ಸಿಕ್ಕಿದ್ದು 1973ರಲ್ಲಿ. ಶಿಕಾಗೋದ ಜಾನೆಟ್ ರೌಲಿ ಎಂಬ ವೈದ್ಯೆ ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. ಹೊಸ ಬಣ್ಣಗಾರಿಕೆಯಿಂದ ತಂತುಗಳ ಮೇಲೆ ಪಟ್ಟೆಗಳು ಮೂಡುತ್ತಿದ್ದವು. 22ನೆಯ ತಂತುವಿನ ತುಂಡು 9ನೆಯದಕ್ಕೆ ಅಂಟಿದೆ ಎಂದು ಆ ಪಟ್ಟೆಗಳು ಹೇಳಿದವು. ಕಳೆದದ್ದು ಏನೂ ಇರಲಿಲ್ಲ, ಎರಡು ತಂತುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಎಣಿಸಿದರೆ 46 ಸರಿಯಾಗಿಯೇ ಇತ್ತು.

1980ರ ದಶಕದಲ್ಲಿ ಮುಂದಿನ ಗಂಟು ಬಿಚ್ಚಿತು. 9ರ ಮೇಲಿನ ಎಬಿಎಲ್ ಎಂಬ ಜೀನ್, 22ರ ಮೇಲಿನ ಬಿಸಿಆರ್ ಎಂಬ ಜೀನ್‌ಗೆ ಅಂಟಿ ಹೊಸದೊಂದು ಜೋಡು ಜೀನ್ ಆಗುತ್ತದೆ. ಎಬಿಎಲ್ ತಯಾರಿಸುವ ಪ್ರೋಟೀನು ವಿಭಜನೆಯಾಗು ಎಂಬ ಸಂಕೇತವನ್ನು ಕೋಶದೊಳಗೆ ದಾಟಿಸುತ್ತದೆ, ಬೇಕಾದಾಗ ಹತ್ತಿ ಬೇಡವಾದಾಗ ಆರುತ್ತದೆ. ಜೋಡು ಜೀನಿನ ಪ್ರೋಟೀನು ಆರುವುದೇ ಇಲ್ಲ. ಸ್ವಿಚ್ಚು ಸಿಕ್ಕಿಕೊಂಡ ನೀರಿನ ಮೋಟಾರಿನಂತೆ, ತೊಟ್ಟಿ ತುಂಬಿ ಹರಿದರೂ ಓಡುತ್ತಲೇ ಇರುತ್ತದೆ. ಆ ಪ್ರೋಟೀನಿನ ಕೆಲಸದ ಜಾಗಕ್ಕೇ ಹೋಗಿ ಕೂತು ಅದನ್ನು ನಿಲ್ಲಿಸುವ ಇಮ್ಯಾಟಿನಿಬ್ ಎಂಬ ಗುಳಿಗೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರಿಂದಾಗಿ ಸಿಎಂಎಲ್ ಬಹಳಷ್ಟು ಜನರಿಗೆ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ಬದುಕಬಹುದಾದ ಕಾಯಿಲೆಯಾಯಿತು.

ರಕ್ತ ಕ್ಯಾನ್ಸರುಗಳೆಲ್ಲ ಒಂದೇ ಅಲ್ಲ, ಅವುಗಳ ಜೀನ್ ಬದಲಾವಣೆಗಳೂ ಬೇರೆ ಬೇರೆ. ಒಂದು ಬಗೆಯಲ್ಲಿ 15 ಮತ್ತು 17ನೆಯ ತಂತುಗಳ ತುಂಡುಗಳು ಅದಲುಬದಲಾಗುತ್ತವೆ, ಬರ್ಕಿಟ್ ಲಿಂಫೋಮಾದಲ್ಲಿ ಹೆಚ್ಚಾಗಿ 8 ಮತ್ತು 14. ಕೆಂಪು ರಕ್ತಕಣಗಳು ವಿಪರೀತ ಹೆಚ್ಚುವ ಒಂದು ರೋಗದಲ್ಲಿ ತಂತು ಮುರಿಯುವುದೇ ಇಲ್ಲ, ಜಾಕ್2 ಎಂಬ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ ಎಂದು 2005ರಲ್ಲಿ ತಿಳಿಯಿತು. ಹಾಗಾಗಿ ಬೊವೆರಿಯವರ ಊಹೆ ಅಕ್ಷರಶಃ ನಿಜವಾಯಿತು ಎಂದು ಮಕ್ಕಳಿಗೆ ಹೇಳಬಾರದು. ಅವರು ಅರ್ಚಿನ್‌ನಲ್ಲಿ ಕಂಡದ್ದು ಇಡೀ ತಂತುಗಳ ಏರುಪೇರು, ರಕ್ತದಲ್ಲಿ ಮೊದಲು ಸಿಕ್ಕಿದ್ದು ತುಂಡುಗಳ ಅದಲುಬದಲು. ಕೋಶವೊಂದರ ವರ್ಣತಂತುಗಳಲ್ಲಿ ಆದ ಬದಲಾವಣೆಯೇ ಕ್ಯಾನ್ಸರಿನ ಬೇರು ಎಂಬ ಮೂಲ ತರ್ಕ ಉಳಿಯಿತು.

ವಂಶವಾಹಿ ಎಂಬ ಪದದ ತೊಡಕು

ಇಷ್ಟೆಲ್ಲ ವಿವರ ಶಾಲಾ ಮಕ್ಕಳಿಗೆ ಏಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಕಾರಣ ನಮ್ಮ ಪಾರಿಭಾಷಿಕ ಪದದಲ್ಲೇ ಇದೆ. ಜೀನ್‌ಗೆ ನಾವು ವಂಶವಾಹಿ ಎನ್ನುತ್ತೇವೆ. ಮೆಂಡೆಲ್‌ನ ಬಟಾಣಿಗೆ ಅದು ಚೆನ್ನಾಗಿ ಒಪ್ಪುತ್ತದೆ. ರಕ್ತ ಕ್ಯಾನ್ಸರ್ ವಂಶವಾಹಿಗಳ ಬದಲಾವಣೆಯಿಂದ ಬರುತ್ತದೆ ಎಂದು ಹೇಳಿದ ಕೂಡಲೇ ಮಗುವಿನ ಕಿವಿಗೆ ಬೀಳುವುದು ವಂಶ ಎಂಬ ಮಾತು. ಕಾಯಿಲೆ ಮನೆತನದ್ದು, ತಂದೆಯಿಂದಲೋ ತಾಯಿಯಿಂದಲೋ ಬಂದದ್ದು, ನಾಳೆ ತನಗೂ ಬರುವಂಥದ್ದು ಎಂದು ಅದು ತಿಳಿಯುತ್ತದೆ.

ಬೋಧನಾಭ್ಯಾಸದ ಅವಲೋಕನಕ್ಕೆ ಹೋಗಿದ್ದ ಒಂದು ಪ್ರೌಢಶಾಲೆಯಲ್ಲಿ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ನಮ್ಮ ಪ್ರಶಿಕ್ಷಣಾರ್ಥಿಯ ಹತ್ತಿರ ಬಂದು ನಿಂತಳು. ಅವಳ ಅಣ್ಣನಿಗೆ ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿತ್ತು. ಅದು ತನಗೂ ಬರುತ್ತದೆಯೇ, ಅಮ್ಮನ ಕಡೆಯಿಂದ ಬಂದದ್ದೇ ಎಂಬುದು ಅವಳ ಪ್ರಶ್ನೆ. ಮನೆಯಲ್ಲಿ ಅಜ್ಜಿ ಸೊಸೆಯ ತವರನ್ನು ದೂರುತ್ತಿದ್ದರಂತೆ. ನಮ್ಮ ಪ್ರಶಿಕ್ಷಣಾರ್ಥಿ ಅವಳನ್ನು ಕೂರಿಸಿಕೊಂಡು, ಒಂದು ಕೋಶ, ಅದರೊಳಗೆ ಆದ ಒಂದು ಮುರಿತ, ಅದರ ಮರಿಕೋಶಗಳು ಎಂದು ಹಾಳೆಯ ಮೇಲೆ ಬರೆದು ತೋರಿಸಿದರು. ಒಂದು ಪದ ಮನೆಯೊಳಗೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅಲ್ಲಿ ಕಂಡೆ. ಸಂಬಂಧ ನೋಡುವಾಗ ಮಾತು ಮುರಿಯುವುದು, ಕಾಯಿಲೆಯವರ ತಟ್ಟೆ ಲೋಟ ಬೇರೆ ಇಡುವುದು ಇವೆಲ್ಲ ನಾವು ನೋಡದ ಸಂಗತಿಗಳಲ್ಲ.

ಸಿಎಂಎಲ್‌ನ ಫಿಲಡೆಲ್ಫಿಯಾ ವರ್ಣತಂತು ತಂದೆತಾಯಿಯಿಂದ ಬಂದದ್ದಲ್ಲ. ಹುಟ್ಟಿದ ಮೇಲೆ, ಮೂಳೆಮಜ್ಜೆಯ ಒಂದು ಕೋಶದಲ್ಲಿ ಆದದ್ದು. ಅದು ಅಂಡಾಣುವಿನಲ್ಲೂ ಇಲ್ಲ, ವೀರ್ಯಾಣುವಿನಲ್ಲೂ ಇಲ್ಲ, ಹಾಗಾಗಿ ಮಕ್ಕಳಿಗೆ ದಾಟುವುದಿಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ. ಹೆಚ್ಚಿನ ರಕ್ತ ಕ್ಯಾನ್ಸರುಗಳ ಕತೆ ಇದೇ. ಕೆಲವೇ ಕುಟುಂಬಗಳಲ್ಲಿ ಇಂಥ ರೋಗಕ್ಕೆ ಒಳಗಾಗುವ ಒಲವು ಹುಟ್ಟಿನಿಂದ ಬರುವುದುಂಟು, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅಪಾಯ ಹೆಚ್ಚು. ಆದ್ದರಿಂದ ಎಂದೆಂದಿಗೂ ಅನುವಂಶೀಯವಲ್ಲ ಎಂದು ಅತಿಯಾಗಿ ಹೇಳುವುದೂ ಸಲ್ಲದು. ವಿಕಿರಣದಂಥ ಹೊರಗಿನ ಕಾರಣಗಳೂ ಇವೆ. ಹಿರೋಷಿಮಾ ಮತ್ತು ನಾಗಾಸಾಕಿಯಲ್ಲಿ ಬದುಕುಳಿದವರಲ್ಲಿ ರಕ್ತ ಕ್ಯಾನ್ಸರ್ ಹೆಚ್ಚಾದದ್ದು ದಾಖಲಾಗಿದೆ. ಬಹಳಷ್ಟು ಸಲ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲಾಗದು, ಕೋಶ ವಿಭಜನೆಯಲ್ಲಿ ಆಕಸ್ಮಿಕವಾಗಿ ಆಗುವ ತಪ್ಪು ಅದು. ಯಾರ ಪಾಪದ ಫಲವೂ ಅಲ್ಲ.

ತರಗತಿಯಲ್ಲಿ ಬಳಸುವ ಬಗೆ

ಪಾಠಯೋಜನೆ ಬರೆಯುವವರಿಗೆ ಮೂರು ಸಲಹೆಗಳು.

ಮೊದಲನೆಯದು ಕಾಳಿನ ಚಟುವಟಿಕೆ. ಹಿಂದಿನ ರಾತ್ರಿ ನೆನೆಸಿದ ಅವರೆ, ಕಡಲೆ, ಬಟಾಣಿ, ಅಲಸಂದೆ, ಪ್ರತಿಯೊಂದರಲ್ಲೂ ಮೂರು ಕಾಳು ತೆಗೆದುಕೊಳ್ಳಿ. ಇದು ಎರಡು ವೀರ್ಯಾಣು ಹೊಕ್ಕ ಅಂಡಾಣು. ಸಿಪ್ಪೆ ಹಿಚುಕಿ ಪ್ರತಿ ಕಾಳನ್ನೂ ಎರಡು ಬೇಳೆ ಮಾಡಿ. ತಟ್ಟೆಯನ್ನು ಸೀಮೆಸುಣ್ಣದಿಂದ ನಾಲ್ಕು ಭಾಗ ಮಾಡಿ, ಚೀಟಿ ಎತ್ತಿ, ಒಂದೊಂದು ಕಾಳಿನ ಎರಡು ಬೇಳೆಗಳನ್ನು ಎರಡು ಬೇರೆ ಭಾಗಗಳಲ್ಲಿ ಇಡಿ. ಕೊನೆಗೆ ಯಾವ ಭಾಗಕ್ಕೆ ಯಾವ ಕಾಳು ಸಿಗಲಿಲ್ಲ ಎಂದು ನೋಡಿ. ತಟ್ಟೆಯನ್ನು ಮೂರು ಭಾಗ ಮಾಡಿ ಮತ್ತೆ ಆಡಿಸಿ. ಲೆಕ್ಕದ ಪ್ರಕಾರ, ನಾಲ್ಕು ಭಾಗವಿದ್ದಾಗ ಒಂದು ಭಾಗಕ್ಕೆ ನಿರ್ದಿಷ್ಟ ಬಗೆಯ ಕಾಳು ಸಿಗದಿರುವ ಸಂಭವ 8ರಲ್ಲಿ 1, ಮೂರು ಭಾಗವಿದ್ದಾಗ 27ರಲ್ಲಿ 1. ಗಣಿತದ ಶಿಕ್ಷಕರನ್ನು ಜೊತೆಗೆ ಕರೆದುಕೊಂಡರೆ ಸಂಭವನೀಯತೆಯ ಪಾಠವೂ ಆಗುತ್ತದೆ.

ಎರಡನೆಯದು, ಕಪ್ಪುಹಲಗೆಯಲ್ಲಿ ಕಂಡದ್ದು, ತರ್ಕಿಸಿದ್ದು, ಸಾಬೀತಾದದ್ದು ಎಂಬ ಮೂರು ಕಲಂ. ಬೊವೆರಿ ಜೀವನದ ಪ್ರತಿ ಸಂಗತಿಯನ್ನೂ ಮಕ್ಕಳೇ ಸರಿಯಾದ ಕಲಂಗೆ ಹಾಕಲಿ. ಅರ್ಚಿನ್ ಭ್ರೂಣ ಮೊದಲನೆಯದಕ್ಕೆ, 1914ರ ಪುಸ್ತಕ ಎರಡನೆಯದಕ್ಕೆ, 1960 ಮತ್ತು 1973ರ ಕೆಲಸ ಮೂರನೆಯದಕ್ಕೆ. ವಿಜ್ಞಾನದಲ್ಲಿ ಊಹೆಗೂ ಜಾಗವಿದೆ, ಅದನ್ನು ಊಹೆ ಎಂದು ಬರೆದಿಟ್ಟರೆ ಸಾಕು ಎಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಮೂರನೆಯದು ಪದಬಳಕೆ. ಕ್ಯಾನ್ಸರಿನ ಮಾತು ಬಂದಾಗ ವಂಶವಾಹಿ ಎನ್ನುವ ಬದಲು ಜೀನ್ ಎನ್ನಿ. ಪಠ್ಯದ ಪದವನ್ನು ಬಳಸಲೇಬೇಕಾದರೆ, ಹುಟ್ಟಿನಿಂದ ಬಂದ ಬದಲಾವಣೆ, ಬದುಕಿನಲ್ಲಿ ಆದ ಬದಲಾವಣೆ ಎಂದು ಎರಡನ್ನೂ ಬಿಡಿಸಿ ಹೇಳಿ. ಮೌಲ್ಯಮಾಪನದಲ್ಲಿ ಬೊವೆರಿಯ ಹೆಸರು ಕೇಳುವ ಒಂದಂಕದ ಪ್ರಶ್ನೆಯ ಜಾಗದಲ್ಲಿ ಹೀಗೊಂದು ಪ್ರಶ್ನೆ ಇಡಬಹುದು: ಒಬ್ಬ ವ್ಯಕ್ತಿಯ ರಕ್ತಕೋಶಗಳಲ್ಲಿ 9 ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಬದಲಿಸಿಕೊಂಡಿವೆ, ಅವರ ಮಗಳ ಕೋಶಗಳಲ್ಲಿ ಅದು ಇರುತ್ತದೆಯೇ, ಏಕೆ? ಇದಕ್ಕೆ ಕಾರಣಸಹಿತ ಉತ್ತರ ಬರೆಯಬಲ್ಲ ಮಗು ಮನೆಗೆ ಹೋಗಿ ಅಜ್ಜಿಗೂ ಅದನ್ನು ತಿಳಿಸಿ ಹೇಳಬಲ್ಲದು.